ಮಗಳು ಮಾನವಶಾಸ್ತ್ರ ಓದುತ್ತೇನೆ ಎನ್ನುತ್ತಾಳೆ, ಓದಿಸಬಹುದೇ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯ ಒಕ್ಕಲುತನದ ಕುಟುಂಬದವರು. ಮಗಳು ದ್ವಿತೀಯ ಪಿಯುಸಿ ವಿಜ್ಞಾನದಲ್ಲಿ ಒಳ್ಳೆಯ ಅಂಕ ಪಡೆದು ತೇರ್ಗಡೆಯಾಗಿದ್ದಾಳೆ, ಆದರೆ ನೀಟ್‌ನಲ್ಲಿ ಸೀಟು ಸಿಗುವಷ್ಟು ಅಂಕ ಬರಲಿಲ್ಲ. ಇನ್ನೊಂದು ವರ್ಷ ಕೋಚಿಂಗ್‌ಗೆ ಹೋಗು ಎಂದರೆ ಒಪ್ಪುತ್ತಿಲ್ಲ. ಪದವಿಯಲ್ಲಿ ಮಾನವಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದುತ್ತೇನೆ ಎನ್ನುತ್ತಾಳೆ. ನಮ್ಮ ಬಳಗದಲ್ಲಿ ಈ ವಿಷಯ ಓದಿದವರು ಯಾರೂ ಇಲ್ಲ. ಇದು ಸಮಾಜಶಾಸ್ತ್ರದ ಇನ್ನೊಂದು ಹೆಸರೇ? ಐಎಎಸ್ ಪರೀಕ್ಷೆಗೆ ಅನುಕೂಲ ಎನ್ನುವುದು ನಿಜವೇ? ಮುಂದೆ ಕೆಲಸ ಸಿಗುತ್ತದೆಯೇ? ಓದಿಸಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಓದಿಸಬಹುದು, ಆದರೆ ವೈದ್ಯಕೀಯ ಸೀಟು ತಪ್ಪಿತು ಎಂಬ ಬೇಸರದಲ್ಲಿ ಕೈಗೆ ಸಿಕ್ಕ ವಿಷಯವೆಂದು ಆಕೆ ಇದನ್ನು ಹಿಡಿದಿದ್ದಾಳೆಯೇ, ಅಥವಾ ಜನರ ನಡುವೆ ಕುಳಿತು ಅವರ ಬದುಕನ್ನು ಅರಿಯುವ ತಾಳ್ಮೆ ಆಕೆಗೆ ನಿಜವಾಗಿಯೂ ಇದೆಯೇ ಎಂಬುದನ್ನು ಅರ್ಜಿ ತುಂಬುವ ಮೊದಲು ನೀವು ಮತ್ತು ಆಕೆ ಇಬ್ಬರೂ ತಿಳಿದುಕೊಳ್ಳಬೇಕು. ಅಂಕಪಟ್ಟಿ ಇದನ್ನು ಹೇಳುವುದಿಲ್ಲ. ಹೇಗೆ ತಿಳಿಯಬಹುದೆಂದು ಮುಂದೆ ವಿವರಿಸುತ್ತೇನೆ. ಅದಕ್ಕೂ ಮೊದಲು, ಈ ಶಾಸ್ತ್ರ ಏನನ್ನು ನೋಡುತ್ತದೆ ಎಂಬುದನ್ನು ನಿಮ್ಮ ಮನೆಯ ಮಾತಿನಿಂದಲೇ ತೋರಿಸಲು ಪ್ರಯತ್ನಿಸುತ್ತೇನೆ.

ನಾವು ತಾಯಿಯ ಅಣ್ಣತಮ್ಮಂದಿರನ್ನು ಮಾವ ಎನ್ನುತ್ತೇವೆ. ಗಂಡನ ಅಥವಾ ಹೆಂಡತಿಯ ತಂದೆಯನ್ನೂ ಮಾವ ಎಂದೇ ಕರೆಯುತ್ತೇವೆ. ತಂದೆಯ ಅಕ್ಕತಂಗಿಯರೂ ಅತ್ತೆ, ಮದುವೆಯಿಂದ ಬಂದವಳೂ ಅತ್ತೆ. ಗಂಡಸಿಗೆ ಅಕ್ಕನ ಮಗನೂ ಅಳಿಯ, ಮಗಳ ಗಂಡನೂ ಅಳಿಯ. ಅಕ್ಕನ ಮಗಳೂ ಸೊಸೆ, ಮಗನ ಹೆಂಡತಿಯೂ ಸೊಸೆ. ಆದರೆ ತಂದೆಯ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪಂದಿರಾಗುತ್ತಾರೆ. ಅವರ ಮಕ್ಕಳು ನಮಗೆ ಅಣ್ಣ, ತಮ್ಮ, ಅಕ್ಕ, ತಂಗಿಯರೇ ಹೊರತು ಬೇರೇನೂ ಅಲ್ಲ. ಹುಟ್ಟಿದಂದಿನಿಂದ ಆಡುತ್ತಿರುವುದರಿಂದ ಈ ಮಾತುಗಳಲ್ಲಿ ವಿಶೇಷವೇನೂ ನಮಗೆ ಕಾಣುವುದಿಲ್ಲ. ಆದರೆ ಯಾರನ್ನು ಮದುವೆಯಾಗಬಹುದು, ಯಾರನ್ನು ಆಗಬಾರದು ಎಂಬ ಇಡೀ ಕಟ್ಟಳೆ ಈ ಹೆಸರುಗಳಲ್ಲಿಯೇ ಅಡಗಿದೆ. ಸೋದರಮಾವನ ಮಗಳು ಹೆಂಡತಿಯಾಗಬಹುದಾದ್ದರಿಂದ ಸೋದರಮಾವ ಮೊದಲೇ ‘ಮಾವ’ನಾಗಿದ್ದಾನೆ, ಚಿಕ್ಕಪ್ಪನ ಮಗಳು ತಂಗಿಯಾದ್ದರಿಂದ ಆ ಮಾತೇ ಏಳುವುದಿಲ್ಲ. ಉತ್ತರ ಭಾರತದ ಬಹುಪಾಲು ಹಿಂದೂ ಕುಟುಂಬಗಳಲ್ಲಿ ಸೋದರಮಾವನ ಮಕ್ಕಳೂ ಅಣ್ಣತಂಗಿಯರೇ ಆಗಿರುವುದರಿಂದ, ನಮ್ಮಲ್ಲಿ ಸಹಜವೆನಿಸುವ ಸಂಬಂಧ ಅಲ್ಲಿಯವರಿಗೆ ಕೇಳಲಾಗದ ಮಾತಾಗುತ್ತದೆ. ಅಮೆರಿಕದ ಲೂಯಿಸ್ ಹೆನ್ರಿ ಮಾರ್ಗನ್ 1871ರಲ್ಲಿ ಪ್ರಪಂಚದ ನಾನಾ ಜನಾಂಗಗಳ ನಂಟಿನ ಪದಗಳನ್ನು ಪಟ್ಟಿ ಮಾಡಿ ಹೋಲಿಸಿದಾಗ ಅದರಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ಪದಗಳೂ ಇದ್ದವು. ಇಂದು ಈ ಮಾದರಿಯನ್ನು ಮಾನವಶಾಸ್ತ್ರದ ತರಗತಿಗಳಲ್ಲಿ ‘ದ್ರಾವಿಡ ಬಂಧುತ್ವ’ ಎಂದು ಕಲಿಸುತ್ತಾರೆ.

ಇದೇ ಗಂಟನ್ನು ಇನ್ನೊಂದು ಕಡೆಯಿಂದಲೂ ಹಿಡಿಯಬಹುದು. ಸೋದರಮಾವ ಮತ್ತು ಅಕ್ಕನ ಮಗಳ ನಡುವೆ ಮದುವೆಯಾದರೆ, ಹುಟ್ಟುವ ಮಗುವಿನ ಯಾವುದೇ ಒಂದು ಜೀನಿನ ಎರಡು ಪ್ರತಿಗಳೂ ಒಂದೇ ಪೂರ್ವಜರ ಒಂದೇ ಜೀನಿನಿಂದ ಬಂದಿರುವ ಸಂಭವ ಎಂಟರಲ್ಲಿ ಒಂದು ಪಾಲು. ಅತ್ತೆಯ ಮಗ, ಮಾವನ ಮಗಳ ನಡುವಿನ ಮದುವೆಯಲ್ಲಿ ಅದು ಹದಿನಾರರಲ್ಲಿ ಒಂದು ಪಾಲು. ಎರಡೂ ಕಡೆಯಿಂದ ಒಂದೇ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳ ಅಧ್ಯಯನದಲ್ಲಿ ಈ ಲೆಕ್ಕಕ್ಕೆ ಬಹಳ ಬೆಲೆಯಿದೆ. ಹೊಲ ಮನೆಯೊಳಗೇ ಉಳಿಯಲಿ, ಮಗಳು ಪರರ ಮನೆಯಲ್ಲಿ ಕಷ್ಟಪಡದಿರಲಿ ಎಂದು ಹಿರಿಯರು ಕಟ್ಟಿಕೊಂಡ ಪದ್ಧತಿಯನ್ನೂ, ಅದರಿಂದ ರಕ್ತದಲ್ಲಿ ಆಗುವ ಪರಿಣಾಮವನ್ನೂ ಒಂದೇ ಶಾಸ್ತ್ರದೊಳಗೆ ನೋಡುವುದು ಮಾನವಶಾಸ್ತ್ರದ ವಿಶೇಷ. ನಿಮ್ಮ ಮಗಳು ಜೀವಶಾಸ್ತ್ರ ಓದಿದ್ದು ವ್ಯರ್ಥವಾಗುತ್ತದೆ ಎಂಬ ಚಿಂತೆ ನಿಮಗಿದ್ದರೆ ಅದನ್ನು ಬಿಡಿ. ವಿಜ್ಞಾನದಿಂದ ಬಂದ ವಿದ್ಯಾರ್ಥಿಗಳಿಗೆ ಇದರ ಒಂದು ಅರ್ಧ ಬಹಳ ಸುಲಭವಾಗುತ್ತದೆ.

ಹಾಗಾದರೆ ಇದು ಸಮಾಜಶಾಸ್ತ್ರವಲ್ಲವೇ? ಪೂರ್ತಿಯಾಗಿ ಅಲ್ಲ. ಸಾಂಪ್ರದಾಯಿಕವಾಗಿ ಮಾನವಶಾಸ್ತ್ರಕ್ಕೆ ನಾಲ್ಕು ಕವಲುಗಳಿವೆ: ಜನರ ಬದುಕು, ನಂಬಿಕೆ, ನಂಟುಗಳನ್ನು ನೋಡುವ ಸಾಮಾಜಿಕ ಮತ್ತು ಸಾಂಸ್ಕೃತಿಕ ಮಾನವಶಾಸ್ತ್ರ, ದೇಹ, ವಿಕಾಸ, ವಂಶವಾಹಿಗಳನ್ನು ನೋಡುವ ಜೈವಿಕ ಮಾನವಶಾಸ್ತ್ರ, ಪ್ರಾಗೈತಿಹಾಸಿಕ ಪುರಾತತ್ತ್ವ, ಭಾಷೆಯ ಅಧ್ಯಯನ. ಭಾರತದ ಪದವಿಗಳಲ್ಲಿ ಮೊದಲ ಮೂರಕ್ಕೆ ಹೆಚ್ಚು ಜಾಗವಿರುತ್ತದೆ. ತಲೆಬುರುಡೆ ಮತ್ತು ಸೊಂಟದ ಮೂಳೆಗಳನ್ನು ಕೈಯಲ್ಲಿ ಹಿಡಿದು ಅದು ಗಂಡಸಿನದೋ ಹೆಂಗಸಿನದೋ, ವಯಸ್ಸು ಎಷ್ಟಿದ್ದೀತು ಎಂದು ಗುರುತಿಸುವ ಪ್ರಾಯೋಗಿಕ ತರಗತಿಗಳಿರುತ್ತವೆ. ಅಪರಾಧ ಪ್ರಕರಣಗಳಲ್ಲಿ ಗುರುತು ಸಿಗದ ಅಸ್ಥಿಗಳ ಪರೀಕ್ಷೆಗೆ ಇದೇ ವಿದ್ಯೆ ಬೇಕಾಗುತ್ತದೆ. ಸಾಮಾಜಿಕ ಮಾನವಶಾಸ್ತ್ರ ಮತ್ತು ಸಮಾಜಶಾಸ್ತ್ರಗಳ ನಡುವಿನ ಗೆರೆ ಮಾತ್ರ ನಮ್ಮ ದೇಶದಲ್ಲಿ ಬಹಳ ತೆಳುವಾಗಿದೆ, ಮತ್ತು ಹಾಗೆ ತೆಳುವಾಗಿಸಿದವರಲ್ಲಿ ಮುಖ್ಯರು ನಮ್ಮವರೇ ಆದ ಎಂ. ಎನ್. ಶ್ರೀನಿವಾಸ್.

1916ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಮುಂಬಯಿ ಮತ್ತು ಆಕ್ಸ್‌ಫರ್ಡ್‌ಗಳಲ್ಲಿ ಕಲಿತ ಶ್ರೀನಿವಾಸರು 1948ರಲ್ಲಿ ಮೈಸೂರಿನ ಹತ್ತಿರದ ಕೊಡಗಹಳ್ಳಿಯಲ್ಲಿ ತಿಂಗಳುಗಟ್ಟಲೆ ವಾಸವಾಗಿದ್ದು ಅಲ್ಲಿಯ ಬದುಕನ್ನು ದಾಖಲಿಸಿದರು. ಬರಹದಲ್ಲಿ ಆ ಊರನ್ನು ರಾಮಪುರ ಎಂದು ಕರೆದರು. ಇಪ್ಪತ್ತೆರಡು ವರ್ಷಗಳ ನಂತರ, 1970ರ ಏಪ್ರಿಲ್‌ನಲ್ಲಿ, ಅವರು ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿದ್ದಾಗ ಕಚೇರಿಗೆ ಬೆಂಕಿ ಬಿದ್ದು, ಆ ಕ್ಷೇತ್ರಕಾರ್ಯದಿಂದ ವರ್ಷಗಳ ಕಾಲ ಸಂಸ್ಕರಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಅವರು ನೆನಪಿನಿಂದಲೇ ಆ ಹಳ್ಳಿಯ ಪುಸ್ತಕವನ್ನು ಬರೆದರು; ಅದು 1976ರಲ್ಲಿ ಪ್ರಕಟವಾಯಿತು. ನಾನು ಪ್ರತಿ ವರ್ಷ ಹೊಸ ವಿದ್ಯಾರ್ಥಿಗಳಿಗೆ ಈ ಸಂಗತಿಯನ್ನು ಹೇಳುತ್ತಿದ್ದೆ. ಕಾಗದ ಸುಟ್ಟರೂ ಪುಸ್ತಕ ಬರೆಯಲು ಸಾಧ್ಯವಾದದ್ದು, ಅವರು ಆ ಊರಿನಲ್ಲಿ ಪ್ರಶ್ನೆಪಟ್ಟಿ ಹಿಡಿದು ಬಂದುಹೋದವರಾಗಿರದೆ, ಜಗಲಿಯ ಮೇಲೆ ಕುಳಿತು, ಹೊಲದ ಬದುವಿನಲ್ಲಿ ನಡೆದು, ಜಗಳ ಮತ್ತು ಹಬ್ಬಗಳೆರಡನ್ನೂ ಕಂಡವರಾಗಿದ್ದರಿಂದ. ಇಂದು ಪತ್ರಿಕೆಗಳಲ್ಲಿ ದಿನಬೆಳಗಾದರೆ ಓದುವ ‘ಪ್ರಬಲ ಜಾತಿ’, ‘ವೋಟ್ ಬ್ಯಾಂಕ್’ ಎಂಬ ಮಾತುಗಳು ಅವರ ಬರವಣಿಗೆಯಿಂದಲೇ ಬಳಕೆಗೆ ಬಂದವು.

ಈ ಇದ್ದು ನೋಡುವ ಕ್ರಮಕ್ಕೆ ಕ್ಷೇತ್ರಕಾರ್ಯ ಎನ್ನುತ್ತಾರೆ. ಇದು ನಿಮ್ಮ ಮಗಳ ಮೂರು ವರ್ಷಗಳ ಓದಿನ ಜೀವಾಳವಾಗುವುದರಿಂದ ಇದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಬಹಳ ವರ್ಷಗಳ ಹಿಂದೆ ನಾವು ವಿದ್ಯಾರ್ಥಿಗಳ ಒಂದು ತಂಡವನ್ನು ಧಾರವಾಡ ಸೀಮೆಯ ಹಳ್ಳಿಯೊಂದಕ್ಕೆ ಕರೆದುಕೊಂಡು ಹೋಗಿದ್ದೆವು. ಮೊದಲ ದಿನ ಮನೆಮನೆಯ ಸಮೀಕ್ಷೆ. ಚುರುಕಾದ ಒಬ್ಬ ಹುಡುಗಿ ಅಚ್ಚುಹಾಕಿಸಿದ ನಮೂನೆ ಹಿಡಿದು, ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದ ಮುದುಕಿಯನ್ನು ಕುಟುಂಬದಲ್ಲಿ ಎಷ್ಟು ಜನ ಎಂದು ಕೇಳಿದಳು. ಮುದುಕಿ ಕೈ ನಿಲ್ಲಿಸದೆ, “ಯಾವ ಮನಿ ಕೇಳ್ತಿ ತಂಗಿ? ಬಾಗಲಾ ಒಂದ, ಒಲಿ ಎರಡ” ಎಂದಳು. ಹುಡುಗಿ ಪೆನ್ನು ಹಿಡಿದು ಸುಮ್ಮನೆ ನಿಂತಳು. ಆಮೇಲೆ ಅವಳು ಅಲ್ಲಿಯೇ ಕುಳಿತು, ತಾನೂ ಶೇಂಗಾ ಸುಲಿಯುತ್ತ ಕೇಳಿ ತಿಳಿದದ್ದು ಇಷ್ಟು: ಇಬ್ಬರು ಗಂಡುಮಕ್ಕಳು ಅಡುಗೆ ಬೇರೆ ಮಾಡಿಕೊಂಡಿದ್ದರು, ಆದರೆ ಎತ್ತುಗಳು ಒಂದೇ ಜೋಡಿ, ಹೊಲದ ಉತಾರ ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿತ್ತು, ಪಡಿತರ ಚೀಟಿಗಳು ಮೂರಿದ್ದವು, ಮುದುಕಿ ಹಿರಿಯ ಮಗನ ಒಲೆಯಲ್ಲಿ ಉಣ್ಣುತ್ತಿದ್ದಳು, ಮಲಗುವುದು ಮಾತ್ರ ಕಿರಿಯನ ಕೋಣೆಯಲ್ಲಿ. ಬಾಗಿಲಿನ ಲೆಕ್ಕದಲ್ಲಿ ಒಂದು, ಒಲೆಯ ಲೆಕ್ಕದಲ್ಲಿ ಎರಡು, ಸರ್ಕಾರದ ಲೆಕ್ಕದಲ್ಲಿ ಮೂರು ಕುಟುಂಬಗಳು. ಆ ಹುಡುಗಿ ನಮೂನೆಯ ಆ ಅಂಕಣವನ್ನು ಖಾಲಿ ಬಿಟ್ಟು, ಅಂದು ರಾತ್ರಿ ಎರಡು ಪುಟ ಟಿಪ್ಪಣಿ ಬರೆದಳು. ಆಕೆಯ ಮೂರು ವರ್ಷಗಳ ಓದಿನಲ್ಲಿ ಅದಕ್ಕಿಂತ ಒಳ್ಳೆಯ ಬರವಣಿಗೆಯನ್ನು ನಾನು ನೋಡಲಿಲ್ಲ.

ಇಂತಹ ನೋಟದಿಂದ ಪ್ರಯೋಜನವೇನು ಎಂದು ನೀವು ಕೇಳಬಹುದು. ಯಾವುದೇ ಯೋಜನೆ ‘ಪ್ರತಿ ಕುಟುಂಬಕ್ಕೆ ಒಂದು’ ಎಂದು ಘೋಷಣೆಯಾದಾಗ ಕುಟುಂಬವೆಂದರೆ ಬಾಗಿಲೋ ಒಲೆಯೋ ಚೀಟಿಯೋ ಎಂಬ ಪ್ರಶ್ನೆಯೇ ಹಳ್ಳಿಯಲ್ಲಿ ಜಗಳಕ್ಕೆ ಕಾರಣವಾಗುತ್ತದೆ. ಇದಕ್ಕೂ ದೊಡ್ಡ ಉದಾಹರಣೆ ಮಂಡ್ಯದ್ದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಅಧ್ಯಯನ ಮಾಡಿದರು. ಅವುಗಳಿಗೆ ವಂಗಲ, ದಲೇನ ಎಂಬ ಕಲ್ಪಿತ ಹೆಸರುಗಳನ್ನಿಟ್ಟರು. ಒಂದಕ್ಕೆ ಕಾಲುವೆಯ ನೀರು ಬಂದಿತ್ತು. ಇನ್ನೊಂದರ ಭೂಮಿ ಎತ್ತರದಲ್ಲಿದ್ದುದರಿಂದ ನೀರು ಏರಲಿಲ್ಲ. ನೀರು ಬಂದ ಊರು ಬದಲಾಗುತ್ತದೆ, ಬಾರದ ಊರು ಹಿಂದುಳಿಯುತ್ತದೆ ಎಂದೇ ಯಾರಾದರೂ ಊಹಿಸುತ್ತಾರೆ. ಆಕೆ ಕಂಡದ್ದು ಬೇರೆ. ನೀರಾವರಿಯ ಊರಿನವರು ಕಬ್ಬು ಬೆಳೆದು ಹಣ ಕಂಡರೂ ಒಕ್ಕಲುತನದಲ್ಲೇ ಉಳಿದರು, ಒಡೆಯ ಮತ್ತು ಆಳುಗಳ ವಂಶಪಾರಂಪರ್ಯದ ಸಂಬಂಧವೂ ಹೆಚ್ಚು ಕಡಿಮೆ ಹಾಗೆಯೇ ಉಳಿಯಿತು. ನೀರಿಲ್ಲದ ಊರಿನವರು ಮಂಡ್ಯದಲ್ಲಿ ನೌಕರಿ, ವ್ಯಾಪಾರ, ಗಾಡಿ ಬಾಡಿಗೆ ಎಂದು ಹೊರಗೆ ದುಡಿಯಲು ಹೊರಟರು, ಮತ್ತು ಹಳೆಯ ಕಟ್ಟುಗಳು ಸಡಿಲಗೊಂಡದ್ದು ಆ ಊರಿನಲ್ಲಿಯೇ. ಕಚೇರಿಯಲ್ಲಿ ಕುಳಿತು ಅಂಕಿಅಂಶ ಮಾತ್ರ ನೋಡಿದವರಿಗೆ ಇದು ಕಾಣುತ್ತಿರಲಿಲ್ಲ.

ಈ ಶಾಸ್ತ್ರದ ಚರಿತ್ರೆಯಲ್ಲಿ ನಾಚಿಕೆಪಡಬೇಕಾದ ಪುಟಗಳೂ ಇವೆ, ಅವನ್ನು ನಿಮ್ಮಿಂದ ಮುಚ್ಚಿಡುವುದು ಸರಿಯಲ್ಲ. ಬ್ರಿಟಿಷರ ಕಾಲದಲ್ಲಿ ಜನರ ಮೂಗಿನ ಉದ್ದ ಅಗಲ ಅಳೆದು ಜಾತಿಗಳಿಗೆ ಮೇಲುಕೀಳು ಹಚ್ಚುವ ಕೆಲಸವನ್ನು, 1901ರ ಜನಗಣತಿಯ ಆಯುಕ್ತನಾಗಿದ್ದ ಹರ್ಬರ್ಟ್ ರಿಸ್ಲಿಯಂತಹವರು ವಿಜ್ಞಾನದ ಹೆಸರಿನಲ್ಲಿಯೇ ಮಾಡಿದರು. 1871ರ ಕಾಯ್ದೆಯೊಂದು ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಸಾರಿತು. ಅದು ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳ ಮೇಲೆ, 1952ರಲ್ಲಿ. ಹಾಗೆಂದು ಎಲ್ಲ ದಾಖಲೆಗಳೂ ಅದೇ ಬಗೆಯವಲ್ಲ. ಮೈಸೂರು ಸಂಸ್ಥಾನದ ಜನಾಂಗಗಳ ಸಮೀಕ್ಷೆಯನ್ನು ನಡೆಸಿದ ಎಚ್. ವಿ. ನಂಜುಂಡಯ್ಯನವರು, ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಆಗಿದ್ದವರು. ಅವರು ಬಿಟ್ಟುಹೋದ ಸಾಮಗ್ರಿಯನ್ನು ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರ್ಣಗೊಳಿಸಿದ್ದರಿಂದ ಅದು 1928ರಿಂದ 1935ರ ನಡುವೆ ನಾಲ್ಕು ಸಂಪುಟಗಳಾಗಿ ಹೊರಬಂದಿತು. ನಿಮ್ಮ ಮಗಳು ಮುಂದೆ ಜೇನುಕುರುಬರ ಹಾಡಿಗೋ, ಉತ್ತರ ಕನ್ನಡದ ಸಿದ್ದಿಗಳ ಕೇರಿಗೋ ಹೋದಾಗ ಆ ಜನ “ಇದರಿಂದ ನಮಗೇನು ಬಂತು” ಎಂದು ಕೇಳಿದರೆ, ಅದು ಅವರು ನೂರಾರು ಅಳತೆಗಾರರನ್ನು ಕಂಡು ಕೇಳುತ್ತಿರುವ ನ್ಯಾಯವಾದ ಪ್ರಶ್ನೆ ಎಂದು ಆಕೆಗೆ ತಿಳಿದಿರಬೇಕು. ಇದಕ್ಕೆ ಉತ್ತರವಾಗಬಲ್ಲ ಕೆಲಸಗಳೂ ಇವೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಾಮುದಾಯಿಕ ಅರಣ್ಯ ಹಕ್ಕು ದೊರೆಯುವ ಮುನ್ನ, ಕಾಡಿನೊಳಗಿನ ಅವರ ದೇವರ ನೆಲೆಗಳನ್ನೂ ಹಳೆಯ ವಾಸದ ಜಾಗಗಳನ್ನೂ ಸೋಲಿಗರೇ ಮುಂದೆ ನಿಂತು ಸಂಶೋಧಕರ ಜೊತೆಗೂಡಿ ನಕ್ಷೆಯ ಮೇಲೆ ಗುರುತಿಸಿದ್ದರು.

ಇನ್ನು ನೌಕರಿಯ ಮಾತು. ಇಲ್ಲಿ ನಾನು ಸಿಹಿ ಮಾತು ಆಡಲಾರೆ. ಪದವಿಯ ಹೆಸರಿನಿಂದಲೇ ಕೆಲಸ ಸಿಗುವ ವಿಷಯ ಇದಲ್ಲ. ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆ ಎಂಬ ಕೇಂದ್ರ ಸರ್ಕಾರದ ಸಂಸ್ಥೆ 1945ರ ಡಿಸೆಂಬರಿನಿಂದ ಇದೆ, ಅದರ ದಕ್ಷಿಣ ವಲಯ ಕೇಂದ್ರ ಮೈಸೂರಿನಲ್ಲಿಯೇ ಇದೆ; ಆದರೆ ಅಲ್ಲಿಯ ಹುದ್ದೆಗಳು ಕಡಿಮೆ, ಬರುವುದೂ ಅಪರೂಪ. ಅಧ್ಯಾಪಕ ವೃತ್ತಿಗೆ ಸ್ನಾತಕೋತ್ತರ ಪದವಿ, ನೆಟ್ ಎಂಬ ಅರ್ಹತಾ ಪರೀಕ್ಷೆ, ಹೆಚ್ಚಿನ ಕಡೆ ಪಿಎಚ್‌ಡಿ ಬೇಕು, ಅಂದರೆ ಎಂಟು ಹತ್ತು ವರ್ಷಗಳ ದಾರಿ. ವಸ್ತುಸಂಗ್ರಹಾಲಯಗಳು, ಬುಡಕಟ್ಟು ಸಂಶೋಧನಾ ಸಂಸ್ಥೆಗಳು, ಗ್ರಾಮೀಣಾಭಿವೃದ್ಧಿಯ ಸ್ವಯಂಸೇವಾ ಸಂಸ್ಥೆಗಳಲ್ಲಿ ಕೆಲಸಗಳಿವೆ. ಸಾರ್ವಜನಿಕ ಆರೋಗ್ಯ ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದ ಕ್ಷೇತ್ರ. 2014ರಲ್ಲಿ ಪಶ್ಚಿಮ ಆಫ್ರಿಕದಲ್ಲಿ ಎಬೋಲಾ ಹಬ್ಬಿದಾಗ, ಸತ್ತವರ ದೇಹವನ್ನು ತೊಳೆದು ಮುಟ್ಟಿ ಕಳುಹಿಸುವ ಸಂಸ್ಕಾರದಿಂದಲೂ ರೋಗ ಹರಡುತ್ತಿತ್ತು. ಬಲವಂತದಿಂದ ಹೆಣ ಒಯ್ದರೆ ಜನ ರೋಗಿಗಳನ್ನೇ ಬಚ್ಚಿಡುತ್ತಿದ್ದರು. ಮಾನವಶಾಸ್ತ್ರಜ್ಞರ ನೆರವಿನಿಂದ, ಮನೆಯವರ ಗೌರವಕ್ಕೂ ಪ್ರಾರ್ಥನೆಗೂ ಅವಕಾಶವಿರುವ ಸುರಕ್ಷಿತ ಶವಸಂಸ್ಕಾರದ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಬೇಕಾಯಿತು. ವೈದ್ಯೆಯಾಗಬೇಕೆಂದು ಬಯಸಿದ್ದ ಹುಡುಗಿಗೆ ಈ ದಾರಿ ಒಪ್ಪಿಗೆಯಾಗಬಹುದು. ಬೆಂಗಳೂರಿನ ತಂತ್ರಜ್ಞಾನ ಕಂಪನಿಗಳಲ್ಲಿ, ಜನ ಒಂದು ಆ್ಯಪನ್ನೋ ಯಂತ್ರವನ್ನೋ ನಿಜವಾಗಿ ಹೇಗೆ ಬಳಸುತ್ತಾರೆಂದು ನೋಡಿ ವರದಿ ಮಾಡುವ ಬಳಕೆದಾರರ ಅಧ್ಯಯನದ ಹುದ್ದೆಗಳೂ ಇವೆ. ಅಲ್ಲಿ ಪದವಿಯ ಹೆಸರಿಗಿಂತ ಕೆಲಸದ ಮಾದರಿಗಳನ್ನು ಕೇಳುತ್ತಾರೆ.

ಆದ್ದರಿಂದ ಮಾನವಶಾಸ್ತ್ರದ ಜೊತೆಗೆ ಇನ್ನೊಂದು ಕೈಕಸುಬು ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಸಂಖ್ಯಾಶಾಸ್ತ್ರ, ತಳಿವಿಜ್ಞಾನ, ಅಥವಾ ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಚೊಕ್ಕವಾಗಿ ಬರೆಯುವ ಶಕ್ತಿ, ಇವುಗಳಲ್ಲಿ ಯಾವುದಾದರೂ ಒಂದನ್ನು ಆಕೆ ಮೊದಲ ವರ್ಷದಿಂದಲೇ ಬೆಳೆಸಿಕೊಳ್ಳಲಿ. ಇಂಗ್ಲಿಷ್ ಬೇಕೇ ಬೇಕು, ಏಕೆಂದರೆ ಪಠ್ಯಗಳಲ್ಲಿ ಬಹುಪಾಲು ಅದರಲ್ಲಿಯೇ ಇವೆ. ಆದರೆ ಕನ್ನಡವನ್ನು ಕಡೆಗಣಿಸಿದವರು ಕ್ಷೇತ್ರದಲ್ಲಿ ಕಿವುಡರಾಗುವುದನ್ನು ಕಣ್ಣಾರೆ ಕಂಡಿದ್ದೇನೆ.

ಐಎಎಸ್ ವಿಷಯ ಚಿಕ್ಕದು. ಕೇಂದ್ರ ನಾಗರಿಕ ಸೇವಾ ಮುಖ್ಯ ಪರೀಕ್ಷೆಯಲ್ಲಿ ಮಾನವಶಾಸ್ತ್ರ ಒಂದು ಐಚ್ಛಿಕ ವಿಷಯ, ತಲಾ 250 ಅಂಕಗಳ ಎರಡು ಪತ್ರಿಕೆಗಳಿರುತ್ತವೆ, ಮತ್ತು ಅನೇಕರು ಅದನ್ನು ಆರಿಸಿಕೊಳ್ಳುವುದೂ ನಿಜ. ಆದರೆ ಅದನ್ನು ಆರಿಸಿಕೊಳ್ಳಲು ಪದವಿಯಲ್ಲಿ ಓದಿರಬೇಕೆಂಬ ನಿಯಮವಿಲ್ಲ. ಎಂಜಿನಿಯರುಗಳೂ ವೈದ್ಯರೂ ಆರಿಸಿಕೊಳ್ಳುತ್ತಾರೆ. ಪರೀಕ್ಷೆಯೊಂದನ್ನೇ ನೆಚ್ಚಿ ಮೂರು ವರ್ಷಗಳ ಓದನ್ನು ನಿರ್ಧರಿಸಬೇಡಿ.

ಎಲ್ಲಿ ಓದಬೇಕು? ನಿಮಗೆ ಹತ್ತಿರದ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಮತ್ತು ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರ ವಿಭಾಗಗಳಿವೆ. ಪದವಿ ಹಂತದಲ್ಲಿ ಇದನ್ನು ಕಲಿಸುವ ಕಾಲೇಜುಗಳು ನಮ್ಮ ರಾಜ್ಯದಲ್ಲಿ ಬಹಳ ಕಡಿಮೆ, ಮತ್ತು ವಿಷಯಗಳ ಜೋಡಣೆ ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಕಾಲೇಜಿಗೆ ನೀವೇ ಹೋಗಿ ವಿಚಾರಿಸಬೇಕು. ಕಾಯಂ ಅಧ್ಯಾಪಕರು ಎಷ್ಟು ಜನ, ಪ್ರಯೋಗಾಲಯದಲ್ಲಿ ಮೂಳೆಗಳ ಸಂಗ್ರಹ ಇದೆಯೇ, ಕಳೆದ ವರ್ಷ ವಿದ್ಯಾರ್ಥಿಗಳನ್ನು ಕ್ಷೇತ್ರಕಾರ್ಯಕ್ಕೆ ಎಲ್ಲಿಗೆ, ಎಷ್ಟು ದಿನ ಕರೆದೊಯ್ದಿದ್ದರು ಎಂದು ಕೇಳಿ. ಕೊನೆಯ ಪ್ರಶ್ನೆಗೆ ತಡಬಡಾಯಿಸಿದರೆ ಆ ಕಾಲೇಜು ಬೇಡ. ದೆಹಲಿ ವಿಶ್ವವಿದ್ಯಾಲಯದಲ್ಲಿ ಇದು ವಿಜ್ಞಾನದ ಆನರ್ಸ್ ಪದವಿಯಾಗಿದೆ, ಪ್ರವೇಶಕ್ಕೆ ಸಿಯುಇಟಿ ಬರೆಯಬೇಕು. ಮೈಸೂರಿಗೆ ಒಂದು ವಿಶೇಷ ಅನುಕೂಲವಿದೆ: ವಿಶ್ವವಿದ್ಯಾಲಯದ ವಿಭಾಗ, ಸರ್ವೇಕ್ಷಣೆಯ ಕೇಂದ್ರ, ಭಾರತೀಯ ಭಾಷಾ ಸಂಸ್ಥಾನ, ರಾಜ್ಯದ ಬುಡಕಟ್ಟು ಸಂಶೋಧನಾ ಸಂಸ್ಥೆ, ಭೋಪಾಲದ ಇಂದಿರಾ ಗಾಂಧಿ ಮಾನವ ಸಂಗ್ರಹಾಲಯದ ದಕ್ಷಿಣ ಕೇಂದ್ರ, ಎಲ್ಲವೂ ಒಂದೇ ಊರಿನಲ್ಲಿವೆ.

ಹತ್ತಿರದಲ್ಲಿ ಒಳ್ಳೆಯ ಕಾಲೇಜು ಸಿಗದಿದ್ದರೆ ಇನ್ನೊಂದು ದಾರಿಯಿದೆ. ಆಕೆ ಪ್ರಾಣಿಶಾಸ್ತ್ರವನ್ನೋ ತಳಿವಿಜ್ಞಾನವನ್ನೋ ಒಳಗೊಂಡ ಬಿ.ಎಸ್ಸಿ. ಮುಗಿಸಿ, ಸ್ನಾತಕೋತ್ತರ ಹಂತದಲ್ಲಿ ಮಾನವಶಾಸ್ತ್ರಕ್ಕೆ ಬರಬಹುದು. ಬೇರೆ ವಿಷಯಗಳ ಪದವೀಧರರನ್ನು ಸೇರಿಸಿಕೊಳ್ಳುವ ವಿಶ್ವವಿದ್ಯಾಲಯಗಳಿವೆ, ದೂರಶಿಕ್ಷಣದಲ್ಲಿ ಇಗ್ನೋ ಕೂಡ ಇದನ್ನು ಕಲಿಸುತ್ತದೆ. ಹೀಗೆ ತಡವಾಗಿ ಬಂದವರಲ್ಲಿ ಕೆಲವರು ನನ್ನ ಅತ್ಯುತ್ತಮ ವಿದ್ಯಾರ್ಥಿಗಳಾಗಿದ್ದರು, ಆದ್ದರಿಂದ ಈ ವರ್ಷವೇ ಎಲ್ಲವೂ ತೀರ್ಮಾನವಾಗಬೇಕೆಂಬ ಒತ್ತಡವನ್ನು ಆಕೆಯ ಮೇಲೆ ಹಾಕಬೇಡಿ.

ಮೊದಲಿಗೆ ಹೇಳಿದ ಪರೀಕ್ಷೆ ಇದು. ಕಾಲೇಜು ಸೇರುವ ಮೊದಲು ಆಕೆಯನ್ನು ಹತ್ತು ದಿನ ಅಜ್ಜಿಯ ಊರಿಗೆ ಕಳುಹಿಸಿ. ಒಂದು ಓಣಿಯ ಹತ್ತು ಮನೆಗಳನ್ನು ಆರಿಸಿಕೊಂಡು, ಅವರ ಒಪ್ಪಿಗೆ ಕೇಳಿ, ಪ್ರತಿ ಮನೆಯ ಮೂರು ತಲೆಮಾರಿನ ವಂಶವೃಕ್ಷವನ್ನು ಬರೆಯಲಿ: ಯಾರು ಯಾರಿಗೆ ಏನೆಂದು ಕರೆಯುತ್ತಾರೆ, ಸೊಸೆಯರು ಯಾವ ಊರಿನಿಂದ ಬಂದವರು, ಒಲೆಗಳೆಷ್ಟು, ಹೊಲ ಯಾರ ಹೆಸರಿನಲ್ಲಿದೆ. ಹಗಲು ಕೇಳಿದ್ದನ್ನು ಅದೇ ರಾತ್ರಿ, ಜನ ಆಡಿದ ಮಾತಿನಲ್ಲಿಯೇ ಬರೆದಿಡಲಿ. ಮರುದಿನಕ್ಕೆ ಬಿಟ್ಟರೆ ಅವರ ಮಾತು ಹೋಗಿ ನಮ್ಮ ಮಾತು ಬಂದು ಕೂರುತ್ತದೆ. ಮೂರನೆಯ ದಿನ ಬೇಸರವಾಗುತ್ತದೆ, ಅದು ಎಲ್ಲರಿಗೂ ಆಗುತ್ತದೆ. ಏಳನೆಯ ದಿನವೂ ಬರೆಯುತ್ತಿದ್ದರೆ, ಮತ್ತು ನಿಮಗೆ ಫೋನ್ ಮಾಡಿದಾಗ ತನ್ನ ಸುದ್ದಿಗಿಂತ ಆ ಓಣಿಯವರ ಸುದ್ದಿಯನ್ನೇ ಹೆಚ್ಚು ಹೇಳುತ್ತಿದ್ದರೆ, ನಿಶ್ಚಿಂತೆಯಿಂದ ಅರ್ಜಿ ಹಾಕಿಸಿ, ವಿಭಾಗಕ್ಕೆ ಹೋಗುವಾಗ ಆ ನೋಟ್‌ಬುಕ್ಕನ್ನು ಆಕೆ ಜೊತೆಗೆ ಒಯ್ಯಲಿ.